ಖಾನಾಪುರಕ್ಕೆ ಗಡೀಪಾರಾದ ನಮ್ಮ ಕೇರೆ

ಹಾವುಮುಕ್ತ ಬಡಾವಣೆ ಯೋಜನೆಯ ಮಾನ್ಯ ಅಧಿಕಾರಿಗಳೇ,

ಕಳೆದ ಜೂನಿನಲ್ಲಿ ತಮ್ಮ ಕಚೇರಿಯು ಬೆಳಗಾವಿಯ ನಮ್ಮ ಹಿತ್ತಲಿನಿಂದ ಹಿಡಿದು ಖಾನಾಪುರದ ಕಾಡಿಗೆ ಸಾಗಿಸಿದ ಕೇರೆ ಹಾವಿನ ಬಗ್ಗೆ ಈ ದೂರು. ಹಿಂಡಲಗಾ ಜೈಲಿಗೆ ಹೋಗುವವರಿಗೂ ಮೊದಲೊಂದು ವಿಚಾರಣೆ ಇರುತ್ತದೆ. ನಾಲ್ಕು ವರ್ಷ ನಮ್ಮ ಕಟ್ಟಿಗೆ ರಾಶಿಯ ಕೆಳಗಿದ್ದು, ಬಾಡಿಗೆಯ ಬದಲು ಇಲಿ ಹಿಡಿದುಕೊಂಡಿದ್ದ ಆ ಬಡಜೀವಿಗೆ ನೇರವಾಗಿ ಗಡೀಪಾರು.

ಸಹಾಯವಾಣಿಗೆ ಫೋನು ಮಾಡಿದವನು ನಾನೇ, ಒಪ್ಪುತ್ತೇನೆ. ನಾವು ಜೈನರು; ಕಾಲಡಿ ಇರುವೆ ಸತ್ತರೂ ನೊಂದುಕೊಳ್ಳುವವರು. ಕೊಲ್ಲದೆ ಸಾಗಿಸುತ್ತೀರೆಂದರೆ ಇದಕ್ಕಿಂತ ದೊಡ್ಡ ಅಹಿಂಸೆ ಇನ್ನಾವುದಿದೆ ಎಂದು ಹಿಗ್ಗಿದೆ. ಮನೆಯಲ್ಲಿರುವ ಸೋದರತ್ತೆ ಹೀರಾಬಾಯಿ ಮಾತ್ರ, “ಇರ್ಲಿ ಬಿಡೋ ತವನಪ್ಪಾ. ನಿನ್ನಂಗ ಅದು ಪೇಪರಿನ್ಯಾಗ ಬರಿಯೂದಿಲ್ಲ, ಯಾರಿಗೂ ತ್ರಾಸ ಇಲ್ಲ” ಎಂದರು. ತಮ್ಮ ಕಚೇರಿಯಿಂದ ಬಂದ, ಹಾವು ಹಿಡಿಯುವ ಯಲ್ಲೇಶನೂ, “ಇದಕ್ಕ ವಿಷ ಇಲ್ರಿ ಸರ. ಖರೇ ಅಂದ್ರ ಇಲ್ಲೇ ಬಿಡಬೇಕು. ಆದ್ರ ಮ್ಯಾಲಿನ ಆರ್ಡರ್ ಐತಿ, ಹಿಡದದ್ದೆಲ್ಲಾ ಖಾನಾಪುರಕ್ಕ” ಎನ್ನುತ್ತಲೇ ಚೀಲದ ಬಾಯಿ ಕಟ್ಟಿದ.

ದೀಪಾವಳಿಯ ಹೊತ್ತಿಗೆ ಹಿತ್ತಲು ಇಲಿಗಳ ಪಾಲಾಯಿತು. ನಮ್ಮ ಮನೆಯಲ್ಲಿ ವಿಷ ಇಡುವಂತಿಲ್ಲ. ಬೋನಿಗೆ ಬಿದ್ದವನ್ನು ಸ್ಕೂಟರಿನಲ್ಲಿ ಒಯ್ದು ಕೋಟೆಯ ಕಂದಕದ ಬಾಜು ಬಿಟ್ಟು ಬರತೊಡಗಿದೆ. ತಮ್ಮದೇ ಪದ್ಧತಿ, ತಮ್ಮಷ್ಟೇ ಫಲ. ಆಮೇಲೆ ಇಲಿಗಳ ಬೆನ್ನು ಹತ್ತಿ ಕೊಳಕುಮಂಡಲ ಬಂತು. ಹೊತ್ತು ಮುಳುಗುವುದರೊಳಗೆ ಅಡುಗೆ ಮುಗಿಸಿ ಉಣ್ಣಬೇಕೆಂಬ ನೇಮದ ಅವಸರದಲ್ಲಿ ಕಟ್ಟಿಗೆ ಎಳೆದ ಅತ್ತೆಯ ಕೈಗೆ ಕಚ್ಚಿತು. ಹನ್ನೊಂದು ದಿನ ಆಸ್ಪತ್ರೆ. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಕೇರೆ ಇದ್ದಿದ್ದರೆ ಮಂಡಲ ಬರುತ್ತಲೇ ಇರಲಿಲ್ಲವೆಂದು ನಾನು ಆಣೆ ಮಾಡಲಾರೆ. ಆದರೆ ಅದಕ್ಕೆ ಊಟ ಬಡಿಸಿಟ್ಟು ಕರೆದವರು ಯಾರು, ತಾವೋ ನಾನೋ?

ಎಚ್ಚರವಾದಾಗ ಅತ್ತೆ ಕೇಳಿದ್ದು ಒಂದೇ: “ಅದನ್ನ ಬಡದ್ರೇನೋ?”

ಓಣಿಯವರು ಅದನ್ನು ಬಡಿದು ಸುಟ್ಟಿದ್ದರು. “ಇಲ್ಲಬೇ ಅತ್ತಿ, ಖಾನಾಪುರದ ಕಾಡಿಗೆ ಬಿಟ್ರು” ಎಂದೆ. ಅತ್ತೆ ಸಮಾಧಾನದಿಂದ ಕಣ್ಣು ಮುಚ್ಚಿದರು.

ಬಿಲ ಗೊತ್ತಿಲ್ಲದ, ನೀರು ಗೊತ್ತಿಲ್ಲದ ಆ ಕಾಡಿನಲ್ಲಿ ನಮ್ಮ ಕೇರೆ ಎಷ್ಟು ದಿನ ಬದುಕಿತೆಂದು ತಾವು ನೋಡಿದ್ದೀರಾ? ‘ಸುರಕ್ಷಿತವಾಗಿ ಬಿಡಲಾಯಿತು’ ಎಂಬ ತಮ್ಮ ವರದಿಗೂ ನನ್ನ ಸುಳ್ಳಿಗೂ ಏನು ವ್ಯತ್ಯಾಸ?

ಆ ಆದೇಶವನ್ನು ಹಿಂಪಡೆಯಿರಿ. ವಿಷವಿಲ್ಲದ ಹಾವನ್ನು ಇದ್ದಲ್ಲೇ ಬಿಟ್ಟು, ಮನೆಯವರಿಗೆ ತಿಳಿಹೇಳಿ ಬರುವ ಅಧಿಕಾರವನ್ನು ಯಲ್ಲೇಶನಿಗೆ ಕೊಡಿ. ಇನ್ನು ಮುಂದೆ ನನ್ನಂಥ ದಯಾಳು ಯಾರಾದರೂ ಸಹಾಯವಾಣಿಗೆ ಕರೆ ಮಾಡಿದರೆ, ಮೊದಲು ಮನೆಯಲ್ಲಿರುವ ಅತ್ತೆಯ ಕೈಗೆ ಫೋನು ಕೊಡೆನ್ನಿ.

ಇಂತಿ,
ಪುಣ್ಯ ಬರಲೆಂದು ತಮಗೆ ಫೋನು ಮಾಡಿದ
ತವನಪ್ಪ