ಮಾತೆಯ ಮುರಿದ ಕಿರುಬೆರಳು

ಚಿಕ್ಕಮ್ಮಾ,
ಮಣಲ್‌ಕುಪ್ಪಕ್ಕೆ ಸುಖವಾಗಿ ಬಂದು ಮುಟ್ಟಿದೆ. ನಮ್ಮೂರ ಬಲೆಗೆ ಸಿಕ್ಕಿದ್ದ ಮಾತೆಯ ಪ್ರತಿಮೆಯನ್ನು ಈ ಊರಿನವರು ಕದ್ದು, ನಮಗೆ ನಕಲು ಬಿಟ್ಟುಹೋದರೆಂದು ಅಜ್ಜಿ ಹೇಳುತ್ತಿದ್ದಳಲ್ಲ, ಅಸಲಿ ಪ್ರತಿಮೆಯ ಕಿರುಬೆರಳು ಮುರಿದಿದೆಯೆಂದು? ಇಲ್ಲಿ ಆ ಕೈಯನ್ನೇ ಹರಕೆಯ ಸೀರೆಯಿಂದ ಮುಚ್ಚಿದ್ದಾರೆ. ಬೇಕೆಂದೇ! ಯಾರಿಗೂ ಅನುಮಾನ ಬಾರದಿರಲೆಂದು ಎಲ್ಲರಂತೆ ನಾನೂ ಇಗರ್ಜಿಯವರೆಗೆ ಮರಳಿನಲ್ಲಿ ಮಂಡಿಯ ಮೇಲೇ ನಡೆದೆ. ಸೀರೆ ಬದಲಿಸುವಾಗ ಇಣುಕಿದರೆ, ಬೆರಳು ಕಾಣುವ ಮೊದಲೇ ಗಂಟೆ ಹೊಡೆಯುವ ಸವರಿಮುತ್ತು ಹಿಡಿದೇಬಿಟ್ಟ.

"ಬೆರಳು ನೋಡೋಕೆ ಬಂದ್ಯಾ? ಹೋಗಯ್ಯಾ, ಅಸಲಿ ಕದ್ದೋರು ನೀವು! ನಾವೂ ವರ್ಷಾ ವರ್ಷಾ ನಿಮ್ಮೂರಿಗೆ ಬಂದು ಇಣುಕ್ತೀವಿ."

ನಮ್ಮೂರ ಹಬ್ಬಕ್ಕೆ ಬರುವ ಪರವೂರಿನವರ ಮೇಲೆ ಒಂದು ಕಣ್ಣಿಟ್ಟಿರು. ಅಂದಹಾಗೆ, ನನ್ನ ಹಳೆಯ ಮಂಡಿನೋವು ಪೂರ್ತಿ ಮಾಯವಾಗಿದೆ. ಎಲ್ಲಿ ವಾಸಿಯಾಯಿತೆಂದು ಮಾತ್ರ ಊರಲ್ಲಿ ಬಾಯಿಬಿಡಬೇಡ.

ಬಸ್ಸು ಬಂತು.
ಸೂಸೈ