ಬಾಯ್ಲರ್ ಕಳಚುವ ಮುನ್ನ

ಟೈರೋನ್ ಕೌಂಟಿ

ಹೆಡ್‌ಮಾಸ್ಟರ್ ಮಕಾನೆಸ್ಪಿ ಅವರಿಗೆ,

ಶಾಲೆಯನ್ನು ಬೆಚ್ಚಗಿಡುವ ಹಳೆಯ ಎಣ್ಣೆ ಬಾಯ್ಲರ್ ತೆಗೆಸುತ್ತೀರೆಂದು ತಿಳಿಯಿತು. ನಾನಲ್ಲಿ ಟೀಚರಾಗಿದ್ದಾಗ, ಹಿಮ ಬಿದ್ದು ರಸ್ತೆ ಮುಚ್ಚಿದ ಒಂದು ಮಧ್ಯಾಹ್ನ, ಟ್ಯಾಂಕ್ ಬರಿದಾಗಿ ಅದು ಆರಿಹೋಯಿತು. ಮಕ್ಕಳು ನಡುಗತೊಡಗಿದರು. ಅವರನ್ನು ರಮಿಸಲು ನಾನು ಹಾಡತೊಡಗಿದೆ, ಚಳಿಗೆ ದನಿ ತಡೆತಡೆದು ಬರುತ್ತಿತ್ತು. ಬಸ್ ಡ್ರೈವರ್ ಡರ್ಮಟ್ ಪಕ್ಕದ ಮನೆಯಿಂದ ಎಣ್ಣೆ ಹೊತ್ತು ತಂದು ಸುರಿದರೂ ಬೆಂಕಿ ಹಿಡಿಯಲಿಲ್ಲ.

"ಪೈಪಲ್ಲಿ ಗಾಳಿ ಸೇರ್ಕೊಂಡಿದೆ ಟೀಚರ್. ಎಣ್ಣೆ ನಿಮ್ಮ ಹಾಡಿನ ಥರ ನಡುನಡುವೆ ನಿಂತೋಗ್ತಿದೆ," ಎಂದರು.

ಗಾಳಿ ಹೊರಬಿಟ್ಟು ಗುಂಡಿ ಒತ್ತಿದಾಗ ಬರ್ನರ್ ಗುರ್ರೆಂದು ಹೊತ್ತಿತು. ಬಿಸಿನೀರು ಹರಿದು ತರಗತಿಯ ಗೋಡೆಗಳ ರೇಡಿಯೇಟರುಗಳು ಬೆಚ್ಚಗಾದವು. ಮಕ್ಕಳು ಒದ್ದೆ ಕೈಗವಸುಗಳನ್ನು ಅವುಗಳ ಮೇಲೆ ಹರಡಿದರು. ಆ ವಸಂತದಲ್ಲೇ ಡರ್ಮಟ್ ಮತ್ತು ನಾನು ಮದುವೆಯಾದೆವು.

ಕಳಚುವ ಮುನ್ನ ಅದನ್ನೊಮ್ಮೆ ಹೊತ್ತಿಸುವಿರಾ? ಡರ್ಮಟ್‌ರನ್ನು ಕರೆತರುತ್ತೇನೆ. ಈಗ ಅವರಿಗೆ ಕಣ್ಣು ಕಾಣಿಸದು. ಪಕ್ಕದಲ್ಲೊಂದು ಕುರ್ಚಿ ಹಾಕಿಸಿದರೆ ಸಾಕು, ಕೂತು ಅದರ ಸದ್ದು ಕೇಳುತ್ತಾರೆ.

ವಿಶ್ವಾಸದಿಂದ,
ಬ್ರೋನಾ ಡೆವ್ಲಿನ್