ಚಿತಾಗಾರದ ಆರ್ಗನ್

ಬ್ರನೋ,
೧೪ ನವೆಂಬರ್ ೧೯೭೩

ಪ್ರೀತಿಯ ಲುಬೋರ್,

ಹೇಗಿದ್ದೀಯ ಮಗೂ? ವಿಯೆನ್ನಾದ ಚಳಿಗೆ ಎದೆ ಕಟ್ಟುತ್ತಿಲ್ಲ ತಾನೆ? ಕತ್ತಿಗೆ ಉಣ್ಣೆ ಸುತ್ತಿಕೊ. ಮೂವತ್ತಾದರೂ ನಿನಗೆ ಇದನ್ನು ಹೇಳಲೇಬೇಕು. ಈ ಪತ್ರವನ್ನು, ವಾದ್ಯವೃಂದದ ಜೊತೆ ಅಲ್ಲಿಗೆ ಬರುತ್ತಿರುವ, ಓಬೊ ನುಡಿಸುವ ಸ್ವಾತೊಪ್ಲುಕ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ನಿನಗಿಂತ ಮೊದಲು ಓದುವವರು ಬಹಳ ಜನ.

ನಿಮ್ಮಪ್ಪ ಬರೆದ ಸಂಗೀತವನ್ನು ಎಲ್ಲೂ ನುಡಿಸಕೂಡದೆಂದು ಸರ್ಕಾರ ಅಪ್ಪಣೆ ಮಾಡಿ ನಾಲ್ಕು ವರ್ಷವಾಯಿತಲ್ಲ, ಈಗ ಅವರು ಚಿತಾಗಾರದಲ್ಲಿ ಆರ್ಗನ್ ನುಡಿಸುತ್ತಾರೆ. ಶವಪೆಟ್ಟಿಗೆ ಒಳಗೆ ಸರಿಯುವಾಗ ಯಾವ ಸಂಗೀತ ಕೇಳುತ್ತಿದೆಯೆಂದು ಯಾರೂ ಪಟ್ಟಿ ಹಿಡಿದು ನೋಡುವುದಿಲ್ಲ. ಆ ಎರಡು ನಿಮಿಷದಲ್ಲಿ ತಮ್ಮದನ್ನು ಸೇರಿಸಿಬಿಡುತ್ತಾರೆ, ಕಿಲಾಡಿ! ನಾನೂ ಕರಿ ಬಟ್ಟೆ ತೊಟ್ಟು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕಳೆದ ವಾರ ಒಬ್ಬ ವಿಧವೆ ಬಂದು, "ನಮ್ಮೆಜಮಾನ್ರಿಗೆ ನೀವು ಏನಾಗ್ಬೇಕಮ್ಮ?" ಎಂದು ಅನುಮಾನದಿಂದ ಕೇಳಿದಳು. ಏನು ಹೇಳಲಿ? ಸುಮ್ಮನೆ ಅತ್ತುಬಿಟ್ಟೆ.

ಅವರ ಹೃದಯ ಸೋತಿದೆ. ವಸಂತ ಕಂಡರೆ ಹೆಚ್ಚು ಎನ್ನುತ್ತಾರೆ ಡಾಕ್ಟರು. ಉಳಿದಿರುವುದು ಒಂದೇ ಆಸೆ: ನೀನು ಗಡಿ ದಾಟಿದ ಮೇಲೆ ತಾವು ಬರೆದ, ನಾಲ್ಕು ತಂತಿವಾದ್ಯಗಳ ಆ ಕೃತಿಯನ್ನು ಒಮ್ಮೆ ಕಿವಿಯಾರೆ ಕೇಳಬೇಕು. ಹೋದ ತಿಂಗಳು ವಾವ್ರಾ ಎಂಬ ಅಧಿಕಾರಿ ಮನೆಗೇ ಬಂದ. ನಾನು ಮಾಡಿದ ಜೀರಿಗೆ ಸೂಪು ಎರಡು ಬಟ್ಟಲು ಕುಡಿದ. "ಮಗ ದೇಶದ್ರೋಹಿ, ಅವನಿಗೂ ನನಗೂ ಸಂಬಂಧ ಇಲ್ಲ ಅಂತ ಪೇಪರ್‌ನಲ್ಲಿ ಎರಡು ಸಾಲು ಹಾಕ್ಸಿ ಸಾರ್, ಅದನ್ನ ನುಡಿಸೋಕೆ ಕಛೇರಿ ಹಾಲ್ ನಾನೇ ಕೊಡಿಸ್ತೀನಿ" ಎಂದ. ನಿಮ್ಮಪ್ಪ ಎದ್ದು ಬಾಗಿಲು ತೆಗೆದರು. "ಸೂಪು ಮುಗೀತಲ್ಲ, ಹೊರಡಪ್ಪ" ಎಂದರು. ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ಅಂದಿನಿಂದ ಆ ಕೃತಿಯ ಸ್ವರಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು, ತುಟಿ ಅಲ್ಲಾಡಿಸುತ್ತ ಓದುತ್ತಾರೆ. ಅದನ್ನು ನೋಡುತ್ತ ಕೂರಲು ನನ್ನಿಂದಾಗುವುದಿಲ್ಲ.

ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ಕಾಯಲಿ; ಅಪ್ಪನೂ ಹಾಗೇ ಹರಸಿದ್ದಾರೆ ಎಂದುಕೊ.

ನಿನ್ನ ಅಮ್ಮ,
ದ್ರಾಹೊಮೀರಾ

ತಾ.ಕ.: ಸ್ವಾತೊಪ್ಲುಕ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಶುಕ್ರವಾರದ ಪೇಪರಿನಲ್ಲಿ ಆ ಎರಡು ಸಾಲು ಬರುತ್ತವೆ, ಅಪ್ಪನ ಸಹಿಯೊಂದಿಗೆ. ಆ ಸಹಿ ಹಾಕಿದವಳು ನಾನು. ಮೂವತ್ತು ವರ್ಷ ಅವರ ಸ್ವರಹಾಳೆಗಳ ಶುದ್ಧಪ್ರತಿ ಮಾಡಿ, ಕೆಳಗೆ ಅವರ ಹೆಸರು ಬರೆದ ಕೈ. ಯಾರಿಗೂ ಗುರುತು ಸಿಗಲಿಲ್ಲ. ಅಪ್ಪನಿಗೆ ಗೊತ್ತಿಲ್ಲ. ಅಂದಿನ ಪೇಪರನ್ನು ಒಲೆಗೆ ಹಾಕುತ್ತೇನೆ. ಆ ಕೃತಿಯ ಸಂಗೀತ ಕಛೇರಿ ಡಿಸೆಂಬರ್ ಎರಡಕ್ಕೆ. ನೀನು ಅವರಿಗೆ ಏನೂ ಬರೆಯಬೇಡ ಮಗೂ. ಬೈಯುವುದಿದ್ದರೆ ನನಗೆ ಬೈ, ಅವರು ಹೋದ ಮೇಲೆ.